ಒಸಾಕಾದಲ್ಲಿ ಒಂದು ಶನಿವಾರ

ಕ್ಯೋಟೋದಲ್ಲಿ ಒಂದೋ ಎರಡೋ ಸೆಮಿಸ್ಟರ್ ಓದಲು ಹೋಗುವ ನಮ್ಮ ಕಡೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಸುತ್ತುತ್ತಲೇ ಇರುತ್ತದೆ. ‘ಒಂದೇ ದಿನದಲ್ಲಿ ಒಸಾಕಾ’ ಅಂತ ಅದರ ತಲೆಬರಹ. ಬೆಳಿಗ್ಗೆ ಒಂಬತ್ತಕ್ಕೆ ಕೋಟೆ, ಹನ್ನೊಂದಕ್ಕೆ ಕುರೊಮೊನ್ ಮಾರುಕಟ್ಟೆ, ಒಂದಕ್ಕೆ ಶಿನ್‌ಸೆಕಾಯ್, ಮೂರಕ್ಕೆ ಬಂದರಿನ ಹತ್ತಿರದ ಅಕ್ವೇರಿಯಂ, ಐದೂವರೆಗೆ ಉಮೆದಾ ಸ್ಕೈ ಬಿಲ್ಡಿಂಗಿನ ತುದಿ, ಏಳೂವರೆಗೆ ದೋತೊನ್‌ಬೊರಿ. ನಕ್ಷೆಯ ಮೇಲೆ ಬೆರಳಾಡಿಸಿದರೆ ಎಲ್ಲವೂ ಹತ್ತಿರವೇ ಕಾಣುತ್ತದೆ. ಆದರೆ ಆ ಪಟ್ಟಿ ಹಿಡಿದು ಹೋಗಿಬಂದವರನ್ನು ಮಾತಾಡಿಸಿ ನೋಡಿ, ಅವರು ಹೇಳುವುದರಲ್ಲಿ ಊರಿಗಿಂತ ಸ್ಟೇಷನ್ನುಗಳೇ ಜಾಸ್ತಿ. ಗೇಟು, ಎಸ್ಕಲೇಟರ್, ನೆಲದಡಿಯ ದಾರಿ, ಮತ್ತೆ ಗೇಟು, ಮತ್ತೆ ಸರದಿ.

ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಆರು ಜಾಗ ಅಂದರೆ ಊರೊಳಗೇ ಐದು ಸಲ ಓಡಾಟ. ಒಂದೊಂದು ಓಡಾಟದಲ್ಲೂ ಸ್ಟೇಷನ್ನಿಗೆ ನಡೆಯಲು ಹತ್ತು ನಿಮಿಷ, ಕೆಳಗಿಳಿದು ಪ್ಲಾಟ್‌ಫಾರ್ಮ್ ಮುಟ್ಟಲು ಐದು, ಕಾಯಲು ನಾಲ್ಕು, ರೈಲಿನೊಳಗೆ ಹತ್ತರಿಂದ ಹದಿನೈದು, ಹೊರಬಂದು ಸರಿಯಾದ ದಿಕ್ಕು ಹಿಡಿದು ನಡೆಯಲು ಇನ್ನು ಹತ್ತು. ಒಟ್ಟು ನಲವತ್ತು ನಿಮಿಷ. ಐದು ಸಲಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಕ್ಯೋಟೋದ ಹಾಸ್ಟೆಲ್ ಬಾಗಿಲಿನಿಂದ ಒಸಾಕಾದ ಮೊದಲ ಜಾಗಕ್ಕೆ ಒಂದೂವರೆ ಗಂಟೆ, ವಾಪಸಿಗೆ ಅಷ್ಟೇ. ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಹತ್ತರವರೆಗಿನ ಹದಿನಾಲ್ಕೂವರೆ ಗಂಟೆಯಲ್ಲಿ ಆರೂ ಚಿಲ್ಲರೆ ಗಂಟೆ ಹೀಗೇ ಹೋಯಿತು. ಉಳಿದದ್ದರಲ್ಲಿ ಊಟ, ಟಿಕೆಟ್ಟಿನ ಸಾಲು, ಶೌಚಾಲಯ, ಕಾಲುನೋವಿಗೆ ಕೂತ ಹೊತ್ತು ಎಲ್ಲ ಕಳೆದರೆ ಒಂದೊಂದು ಜಾಗಕ್ಕೆ ದಕ್ಕುವುದು ಅರ್ಧ ಗಂಟೆ, ಮುಕ್ಕಾಲು ಗಂಟೆ.

ಪ್ರವಾಸಿಗರಿಗೆ ಈ ಪಟ್ಟಿ ಅರ್ಥವಾಗುವಂಥದ್ದೇ. ಅವರು ಎರಡು ವಾರಕ್ಕೆ ಬಂದವರು, ಮತ್ತೆ ಯಾವಾಗಲೋ. ಕ್ಯೋಟೋದಲ್ಲಿ ಓದುವವರ ಮಾತು ಬೇರೆ. ಸುಮಾರು ಸಾವಿರ ಯೆನ್ನಿನ ರೈಲು ಖರ್ಚಿನಲ್ಲಿ ಅವರು ಮುಂದಿನ ವಾರವೂ ಬರಬಹುದು, ಅದರ ಮುಂದಿನ ತಿಂಗಳೂ ಬರಬಹುದು. ಹಾಗಾಗಿ ಮೊದಲ ಸಲ ಒಸಾಕಾಕ್ಕೆ ಹೋಗುವಾಗ ಊರಿನ ಒಂದೇ ಒಂದು ಪಟ್ಟೆಯನ್ನು ಹಿಡಿದು, ಒಂದೇ ಒಂದು ಒಳಾಂಗಣದ ಜಾಗ ನೋಡಿ, ಉಳಿದದ್ದನ್ನು ಕಾಲ್ನಡಿಗೆಯಲ್ಲಿ ಕಳೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಪಟ್ಟೆ, ಯಾಕೆ, ಹೇಗೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಪಾಸುಗಳ ಮಾತು ಮೊದಲು ಮುಗಿಸೋಣ

ಪ್ರವಾಸಿಗರ ಪಟ್ಟಿಯ ಜೊತೆಗೇ ಪ್ರವಾಸಿಗರ ಸಲಹೆಗಳೂ ಬರುತ್ತವೆ, ಅವುಗಳಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಅನ್ವಯಿಸುವುದೇ ಇಲ್ಲ. ಜಪಾನ್ ರೈಲ್ ಪಾಸ್ ಸಿಗುವುದು ವಿದೇಶಿಯರ ಪೈಕಿ ‘ತಾತ್ಕಾಲಿಕ ಭೇಟಿ’ ಎಂಬ ಮುದ್ರೆ ಇರುವವರಿಗೆ. ವಿದ್ಯಾರ್ಥಿ ವೀಸಾದವರಿಗೆ ಇಲ್ಲ. ಅಂಗಡಿಗಳಲ್ಲಿ ತೆರಿಗೆ ವಿನಾಯಿತಿಯೂ ಹಾಗೆಯೇ, ವಿದ್ಯಾರ್ಥಿ ವೀಸಾದವರು ಕೌಂಟರಿನಲ್ಲಿ ಪಾಸ್‌ಪೋರ್ಟ್ ಚಾಚಿ ಪ್ರಯೋಜನವಿಲ್ಲ. ಇನ್ನು ಜೆಆರ್ (ಜಪಾನ್ ರೈಲ್ವೇಸ್) ವಿದ್ಯಾರ್ಥಿ ರಿಯಾಯಿತಿ ಶೇಕಡಾ 20 ಅಂತ ಕೇಳಿ ಖುಷಿಪಡುವವರಿದ್ದಾರೆ. ಅದು ಒಂದು ಕಡೆಯ ದೂರ 100 ಕಿಲೋಮೀಟರ್ ದಾಟಿದರೆ ಮಾತ್ರ. ಕ್ಯೋಟೋದಿಂದ ಒಸಾಕಾ ಸ್ಟೇಷನ್ನಿಗೆ 42.8 ಕಿಲೋಮೀಟರ್.

ವಿದ್ಯಾರ್ಥಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಎರಡು ಕಾರ್ಡುಗಳು. ಒಂದು, ಜಪಾನಿನ ವಿಶ್ವವಿದ್ಯಾಲಯ ಕೊಟ್ಟ ಗುರುತಿನ ಚೀಟಿ. ಮ್ಯೂಸಿಯಂಗಳಲ್ಲಿ ಅದನ್ನು ತೋರಿಸಿದರೆ ಸಾಮಾನ್ಯವಾಗಿ ಟಿಕೆಟ್ ದರ ಇಳಿಯುತ್ತದೆ. ಇನ್ನೊಂದು, ವಿಮಾನ ನಿಲ್ದಾಣದಲ್ಲಿ ಕೈಗಿತ್ತ ನಿವಾಸಿ ಕಾರ್ಡ್, ಅಂದರೆ ಜಾಯ್‌ರ್ಯೂ ಕಾರ್ಡ್. ಇದನ್ನು ಕೋಣೆಯಲ್ಲಿ ಜೋಪಾನವಾಗಿ ಇಟ್ಟು ಹೋಗುವುದು ನಮ್ಮವರ ಅಭ್ಯಾಸ. ಕಾನೂನು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಅನ್ನುತ್ತದೆ. ಇಲ್ಲದಿದ್ದರೆ 200,000 ಯೆನ್‌ವರೆಗೆ ದಂಡ ಹಾಕಲು ಅವಕಾಶವಿದೆ. ಪೊಲೀಸರು ಕೇಳುವುದು ಅಪರೂಪ, ಆದರೆ ತಿಂಗಳಿಗೆ 80,000 ಯೆನ್ ವಿದ್ಯಾರ್ಥಿವೇತನದಲ್ಲಿ ಬದುಕುವವರು ಆ ಅಪರೂಪವನ್ನು ಪರೀಕ್ಷಿಸುವುದು ಬೇಡ.

ಒಸಾಕಾ ಮೆಟ್ರೋದ ಒಂದು ದಿನದ ಎಂಜಾಯ್ ಎಕೋ ಕಾರ್ಡ್ ವಾರದ ದಿನಗಳಲ್ಲಿ 820 ಯೆನ್, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ 620. ದೂರಕ್ಕೆ ತಕ್ಕಂತೆ ಮೊದಲ ಹಂತದ ಟಿಕೆಟ್ 190, ಎರಡನೇ ಹಂತದ್ದು 240. ಅಂದರೆ ಶನಿವಾರ ಕಡಿಮೆಯೆಂದರೆ ಮೂರು ಪ್ರಯಾಣ ಮಾಡಿದರೆ ಮಾತ್ರ ಕಾರ್ಡಿನ ದುಡ್ಡು ಹುಟ್ಟುತ್ತದೆ. ನಾನು ಹೇಳುವ ದಿನದಲ್ಲಿ ಮೆಟ್ರೋ ಹತ್ತುವುದು ಒಂದೇ ಸಲ. ಪಾಸು ಕೊಂಡವರು ಪಾಸಿಗಾಗಿ ಓಡಾಡುತ್ತಾರೆ, ಅದು ನೋಡಿ ನೋಡಿ ಬೇಸರ ಬಂದ ಸಂಗತಿ.

ಯಾವ ರೈಲು ಅನ್ನುವುದು ನಿಮ್ಮ ಕ್ಯಾಂಪಸ್ಸಿನ ಮೇಲೆ

ಕ್ಯೋಟೋ ಮತ್ತು ಒಸಾಕಾ ನಡುವೆ ಮೂರು ಕಂಪನಿಗಳ ರೈಲುಗಳು ಸ್ಪರ್ಧೆಯಲ್ಲಿ ಓಡುತ್ತವೆ. ನಕ್ಷೆಯ ಆ್ಯಪ್ ಸಾಮಾನ್ಯವಾಗಿ ಜೆಆರ್ ತೋರಿಸುತ್ತದೆ, ಯಾಕೆಂದರೆ ಅದು ವೇಗ. ಶಿನ್‌ಕಾಯ್‌ಸೊಕು ಎಂಬ ವಿಶೇಷ ವೇಗದ ಗಾಡಿ ಅರ್ಧ ಗಂಟೆಯೊಳಗೆ ಒಸಾಕಾ ಸ್ಟೇಷನ್ ಮುಟ್ಟಿಸುತ್ತದೆ, ಟಿಕೆಟ್ 600 ಯೆನ್ ಆಸುಪಾಸು. ಹಾನ್‌ಕ್ಯೂ ಕಂಪನಿಯದು ಕ್ಯೋಟೋ-ಕವಾರಾಮಾಚಿಯಿಂದ ಒಸಾಕಾ-ಉಮೆದಾಕ್ಕೆ ನಲವತ್ತು ನಿಮಿಷ ಚಿಲ್ಲರೆ, 410 ಯೆನ್. ಕೇಹಾನ್ ಕಂಪನಿಯದು ದೆಮಾಚಿಯಾನಾಗಿಯಿಂದ ಯೊದೊಯಾಬಾಶಿಗೆ ಸುಮಾರು 55 ನಿಮಿಷ, ದರ ಇವೆರಡರ ನಡುವೆ. ಆದರೆ ರೈಲಿನೊಳಗಿನ ನಿಮಿಷ ಮಾತ್ರ ಎಣಿಸಿದರೆ ಸಾಲದು. ಕ್ಯೋಟೋ ವಿಶ್ವವಿದ್ಯಾಲಯದ ಹತ್ತಿರ ಇರುವವರು ಜೆಆರ್ ಹಿಡಿಯಲು ಕ್ಯೋಟೋ ಸ್ಟೇಷನ್ನಿಗೆ ಸಿಟಿ ಬಸ್ಸಿನಲ್ಲಿ ಹೋದರೆ 230 ಯೆನ್ ಮತ್ತು ಪ್ರವಾಸಿಗರ ಗದ್ದಲದಲ್ಲಿ ಅರ್ಧ ಗಂಟೆಗೂ ಹೆಚ್ಚು. ಅದೇ ದೆಮಾಚಿಯಾನಾಗಿಗೆ ನಡೆದರೆ ಅದು ಕೇಹಾನ್ ರೈಲು ಹೊರಡುವ ಸ್ಟೇಷನ್ನೇ, ಸೀಟು ಖಾತ್ರಿ. ದೋಶಿಶಾದ ಇಮಾದೆಗಾವಾ ಕ್ಯಾಂಪಸ್ಸಿನವರು ಕರಾಸುಮಾ ಮೆಟ್ರೋ ಹಿಡಿದು ಶಿಜೋದಲ್ಲಿ ಇಳಿದರೆ ನೆಲದಡಿಯಲ್ಲೇ ಹಾನ್‌ಕ್ಯೂ ಕರಾಸುಮಾ ಸ್ಟೇಷನ್ ಸೇರಬಹುದು. ರಿತ್ಸುಮೇಕಾನ್‌ನ ಕಿನುಗಾಸಾದವರಿಗೆ ಬಸ್ಸಿನಲ್ಲಿ ಸಾಯ್‌ಇನ್‌ಗೆ ಬಂದು, ಅಲ್ಲಿ ನಿಲ್ಲುವ ನಿಧಾನದ ಹಾನ್‌ಕ್ಯೂ ಹತ್ತಿ, ಕತ್ಸುರಾದಲ್ಲಿ ವೇಗದ ಗಾಡಿಗೆ ಬದಲಾಯಿಸುವುದು ಸರಿ. ಅದೇ ವಿಶ್ವವಿದ್ಯಾಲಯದ ಕುಸಾತ್ಸು ಕ್ಯಾಂಪಸ್ಸಿನವರಿಗೆ ಮಾತ್ರ ಜೆಆರ್ ಬಿಟ್ಟು ಬೇರೆ ಯೋಚನೆ ಬೇಡ. ಮಿನಾಮಿ-ಕುಸಾತ್ಸುವಿನಲ್ಲಿ ಶಿನ್‌ಕಾಯ್‌ಸೊಕು ನಿಲ್ಲುತ್ತದೆ.

ಇಲ್ಲಿ ಎಲ್ಲರನ್ನೂ ಒಮ್ಮೆಯಾದರೂ ಸಿಕ್ಕಿಸುವ ಒಂದು ತೊಡಕಿದೆ. ಹಾನ್‌ಕ್ಯೂ ಮತ್ತು ಕೇಹಾನ್‌ನಲ್ಲಿ ‘ತೊಕ್ಯೂ’ ಅಂದರೆ ಸಾಮಾನ್ಯ ಟಿಕೆಟ್ಟಿನಲ್ಲೇ ಹತ್ತಬಹುದಾದ ವೇಗದ ಗಾಡಿ. ಜೆಆರ್‌ನಲ್ಲಿ ‘ತೊಕ್ಯೂ’ ಅಂದರೆ ಹಾರುಕಾ, ಥಂಡರ್‌ಬರ್ಡ್‌ನಂಥವು, ಮೂಲ ಟಿಕೆಟ್ ಮೇಲೆ ಇನ್ನೊಂದು ಟಿಕೆಟ್ ಬೇಕು. ಪ್ಲಾಟ್‌ಫಾರ್ಮಿನಲ್ಲಿ ಖಾಲಿ ಸೀಟುಗಳ ಚಂದದ ಗಾಡಿ ನಿಂತಿದೆ ಅಂತ ಕಾರ್ಡ್ ತಟ್ಟಿ ಹತ್ತಿದರೆ ಒಳಗೆ ಬರುವ ಕಂಡಕ್ಟರ್ ನಯವಾಗಿಯೇ ಹೆಚ್ಚುವರಿ ಹಣ ಕೇಳುತ್ತಾರೆ. ಕೇಹಾನ್‌ನಲ್ಲೂ ಪ್ರೀಮಿಯಂ ಕಾರ್ ಎಂಬ ಬೋಗಿ ಇರುತ್ತದೆ. ಅದಕ್ಕೆ ಬೇರೆ ಹಣ. ಬಾಗಿಲ ಬಣ್ಣವೇ ಬೇರೆ, ನೋಡಿ ಹತ್ತಿ. ಹಳೆಯ ಕೆಂಪು-ಹಳದಿ ಗಾಡಿ ಬಂದರೆ ಅದರಲ್ಲಿ ಎರಡಂತಸ್ತಿನ ಬೋಗಿಯೊಂದಿರುತ್ತದೆ, ಅದಕ್ಕೆ ಹೆಚ್ಚುವರಿ ಏನೂ ಇಲ್ಲ. ಮೇಲಂತಸ್ತಿನಲ್ಲಿ ಕೂತರೆ ಯೊದೊ ನದಿಯ ಬಯಲು ಚೆನ್ನಾಗಿ ಕಾಣುತ್ತದೆ.

ಗೇಟಿನಲ್ಲಿ ತಟ್ಟುವ ಕಾರ್ಡ್ ಅಂದರೆ ಇಕೋಕಾ, ಮೊದಲೇ ಹಣ ತುಂಬಿಸಿ ಬಳಸುವಂಥದ್ದು. 2,000 ಯೆನ್ ಕೊಟ್ಟರೆ 500 ಠೇವಣಿ, 1,500 ಬಳಕೆಗೆ. ಐಫೋನ್ 8ರಿಂದೀಚಿನ ಫೋನುಗಳಲ್ಲಿ ಇದನ್ನು ಫೋನಿನೊಳಗೇ ಹಾಕಿಕೊಳ್ಳಬಹುದು. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಇದಕ್ಕೆ ಬೇಕಾದ ಚಿಪ್ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ ಕಾರ್ಡೇ ಗತಿ. ಅದಕ್ಕೆ ಹಣ ತುಂಬುವ ಬಹಳಷ್ಟು ಯಂತ್ರಗಳು ನೋಟು ಮಾತ್ರ ತೆಗೆದುಕೊಳ್ಳುತ್ತವೆ, ಡೆಬಿಟ್ ಕಾರ್ಡ್ ಅಲ್ಲ. ಹೊರಡುವ ಹಿಂದಿನ ದಿನವೇ 3,000 ತುಂಬಿಸಿಟ್ಟರೆ ದಾರಿಯಲ್ಲಿ ನಿಲ್ಲುವ ಕೆಲಸವಿಲ್ಲ. ಹಣ ಸಾಲದೆ ಇಳಿಯುವ ಗೇಟಿನಲ್ಲಿ ಕೆಂಪು ದೀಪ ಬಂದರೆ ಗಾಬರಿ ಬೇಡ, ಗೇಟಿನ ಒಳಮಗ್ಗುಲಲ್ಲೇ ಬಾಕಿ ತುಂಬುವ ಯಂತ್ರ ಇರುತ್ತದೆ. ಒಳಗೆ ಹೋದ ಮೇಲೆ ತಪ್ಪು ಕಂಪನಿ ಎಂದು ತಿಳಿದು ಅದೇ ಸ್ಟೇಷನ್ನಿನಲ್ಲಿ ಹೊರಬರಲು ನೋಡಿದರೆ ಮಾತ್ರ ಯಂತ್ರ ಬಿಡುವುದಿಲ್ಲ. ಪಕ್ಕದ ಕಿಟಕಿಯ ಸಿಬ್ಬಂದಿಗೆ ಕಾರ್ಡ್ ಕೊಟ್ಟರೆ ಸರಿಮಾಡಿ ಕಳಿಸುತ್ತಾರೆ.

ಗುಂಪಿನ ಬಗ್ಗೆಯೂ ಒಂದು ಮಾತು. ಎಂಟು ಜನ ಹೋದರೆ ಒಬ್ಬರ ಕಾರ್ಡಿನಲ್ಲಿ ಹಣ ಇರುವುದಿಲ್ಲ, ಒಬ್ಬರಿಗೆ ಶೌಚಾಲಯ, ಇಬ್ಬರು ಹಿಂದಿನ ಬೋಗಿಯಿಂದ ಇಳಿದು ಇನ್ನೊಂದು ಗೇಟಿನಿಂದ ಹೊರಗೆ. ಊಟಕ್ಕೆ ಎಂಟು ಸೀಟು ಒಟ್ಟಿಗೆ ಸಿಗುವ ಸಣ್ಣ ಅಂಗಡಿ ಒಸಾಕಾದಲ್ಲಿ ಇಲ್ಲವೆಂದೇ ಹೇಳಬಹುದು. ಇಬ್ಬರು, ಹೆಚ್ಚೆಂದರೆ ಮೂವರು.

ಉಮೆದಾದಲ್ಲಿ ಕಳೆದುಹೋಗುವುದು ಹೇಗೆ ಆಗುತ್ತದೆ

ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಹಾನ್‌ಕ್ಯೂ ಗೇಟಿನ ಹೊರಗೆ ನಿಂತರೆ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡ ಇಬ್ಬರು ಎಳೆಯರು ಫೋನನ್ನು ಮುಖದ ಮುಂದೆ ಹಿಡಿದು ಒಂದು ಸುತ್ತು ತಿರುಗುತ್ತಾರೆ. ನೀಲಿ ಚುಕ್ಕೆ ಅವರ ಜೊತೆ ತಿರುಗುವುದಿಲ್ಲ. ಹತ್ತು ಹೆಜ್ಜೆ ಹೋಗುತ್ತಾರೆ, ನಿಲ್ಲುತ್ತಾರೆ, ಹಿಂದಿನಿಂದ ಬಂದವರು ಅವರನ್ನು ಬಳಸಿಕೊಂಡು ಹರಿದುಹೋಗುತ್ತಾರೆ. ಎಸ್ಕಲೇಟರ್ ಹಿಡಿದು ಕೆಳಗೆ ಇಳಿಯುತ್ತಾರೆ. ಐದು ನಿಮಿಷ ಬಿಟ್ಟು ಬೇರೆ ಎಸ್ಕಲೇಟರಿನಿಂದ ಅದೇ ಜಾಗಕ್ಕೆ ಏರಿ ಬರುತ್ತಾರೆ, ಮುಖ ಬಾಡಿರುತ್ತದೆ.

ಅದರಲ್ಲಿ ಅವರದೇನೂ ತಪ್ಪಿಲ್ಲ. ಉಮೆದಾ ಅನ್ನುವುದು ಒಂದು ಸ್ಟೇಷನ್ನೇ ಅಲ್ಲ. ಜೆಆರ್‌ಗೆ ಅದರ ಹೆಸರು ಒಸಾಕಾ. ಹಾನ್‌ಕ್ಯೂ ಮತ್ತು ಹಾನ್‌ಶಿನ್‌ಗೆ 2019ರಿಂದ ಒಸಾಕಾ-ಉಮೆದಾ. ಮೆಟ್ರೋದಲ್ಲಿ ಮಿದೊಸುಜಿ ಮಾರ್ಗಕ್ಕೆ ಉಮೆದಾ, ತಾನಿಮಾಚಿ ಮಾರ್ಗಕ್ಕೆ ಹಿಗಾಶಿ-ಉಮೆದಾ, ಯೊತ್ಸುಬಾಶಿ ಮಾರ್ಗಕ್ಕೆ ನಿಶಿ-ಉಮೆದಾ. ಸ್ವಲ್ಪ ದಕ್ಷಿಣಕ್ಕೆ ಜೆಆರ್‌ನದೇ ಇನ್ನೊಂದು, ಕಿತಾಶಿನ್ಚಿ. ಏಳು ಸ್ಟೇಷನ್ನು, ಬೇರೆ ಬೇರೆ ಮಟ್ಟದಲ್ಲಿ, ಬೇರೆ ಬೇರೆ ಕಾಲದಲ್ಲಿ ಅಗೆದ ನೆಲದಡಿಯ ಅಂಗಡಿ ಬೀದಿಗಳಿಂದ ಒಂದಕ್ಕೊಂದು ಹೊಲಿಗೆ ಹಾಕಿದಂತಿವೆ. ಒಂದು ಬೀದಿ 1963ರದು, ಇನ್ನೊಂದು 1995ರದು; ಒಂದೇ ಕೈ ಮಾಡಿದ ಯೋಜನೆಯಲ್ಲ. ನೆಲದಡಿಯಲ್ಲಿ ಉಪಗ್ರಹದ ಸಿಗ್ನಲ್ ಸಿಗದು. ಹಾಗಾಗಿ ಫೋನ್ ಜೇಬಿಗೆ ಹಾಕಿ, ತಲೆಯ ಮೇಲಿನ ಫಲಕದ ಬಣ್ಣ ನೋಡಿ ನಡೆಯಬೇಕು. ಮಿದೊಸುಜಿ ಕೆಂಪು, ತಾನಿಮಾಚಿ ನೇರಳೆ, ಯೊತ್ಸುಬಾಶಿ ನೀಲಿ. ಸ್ಟೇಷನ್ನಿಗೆ ಸಂಖ್ಯೆಯೂ ಇದೆ: ಉಮೆದಾ ಎಂ16, ಯೊದೊಯಾಬಾಶಿ ಎಂ17, ಹೊನ್‌ಮಾಚಿ ಎಂ18, ಶಿನ್‌ಸಾಯ್‌ಬಾಶಿ ಎಂ19, ನಂಬಾ ಎಂ20. ದಿಕ್ಕು ತಪ್ಪಿದಾಗ ಇನ್ನೂ ಕೆಳಗೆ ಇಳಿಯಬೇಡಿ. ಒಂದು ಮಟ್ಟ ಮೇಲೆ ಬಂದು ರಸ್ತೆ ನೋಡಿ. ನಿಲ್ಲಬೇಕಾದರೆ ಕಂಬದ ಪಕ್ಕಕ್ಕೆ ಸರಿಯಿರಿ, ಹರಿವಿನ ನಡುವೆ ಬೇಡ. ಎಸ್ಕಲೇಟರಿನಲ್ಲಿ ಒಸಾಕಾದವರು ಬಲಕ್ಕೆ ನಿಂತು ಎಡಗಡೆ ಬಿಡುತ್ತಾರೆ, ಟೋಕಿಯೋದಲ್ಲಿ ತಿರುಗಾಮುರುಗಾ. ಇಲ್ಲಿ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಬದಲಾಯಿಸಲು ಆ್ಯಪ್ ಆರು ನಿಮಿಷ ಅಂದರೆ ಮೊದಲ ಸಲಕ್ಕೆ ಇಪ್ಪತ್ತು ಅಂತ ಓದಿಕೊಳ್ಳಿ.

ಆ ಇಪ್ಪತ್ತು ನಿಮಿಷವೂ ಬೇಡವಾದರೆ ಮೇಲಿನ ರಸ್ತೆಯಲ್ಲೇ ದಕ್ಷಿಣಕ್ಕೆ ನಡೆದುಬಿಡಿ. ಉಮೆದಾದಿಂದ ಯೊದೊಯಾಬಾಶಿ ಒಂದೂಕಾಲು ಕಿಲೋಮೀಟರ್ ಚಿಲ್ಲರೆ. ಕೇಹಾನ್‌ನಲ್ಲಿ ಬಂದವರಿಗೆ ಉಮೆದಾದ ಸಹವಾಸವೇ ಇಲ್ಲ, ನೇರ ಯೊದೊಯಾಬಾಶಿಯಲ್ಲಿ ಇಳಿಯುತ್ತಾರೆ. ದಿನ ಶುರುವಾಗಬೇಕಾದದ್ದು ಅಲ್ಲಿಂದಲೇ.

ಒಂದು ಚಾಪೆಯ ಹಾಸ್ಟೆಲ್

ಕೋಟೆಯನ್ನು ಮೊದಲ ದಿನ ಬಿಡಿ ಅನ್ನುವುದಕ್ಕೆ ನನ್ನಲ್ಲಿ ಕಾರಣವಿದೆ. ಈಗಿರುವ ಕೋಟೆಯ ಗೋಪುರ 1931ರಲ್ಲಿ ಊರವರ ದೇಣಿಗೆಯಿಂದ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಒಳಗೆ ಲಿಫ್ಟ್, ಮ್ಯೂಸಿಯಂ. 2025ರ ಏಪ್ರಿಲ್‌ನಿಂದ ಟಿಕೆಟ್ 1,200 ಯೆನ್. ಕಂದಕದ ಕಲ್ಲುಗೋಡೆಗಳು ಅದ್ಭುತ, ಅವುಗಳಿಗೆ ಟಿಕೆಟ್ ಇಲ್ಲ, ಅವಕ್ಕಾಗಿಯೇ ಒಂದು ದಿನ ಇಡಬೇಕು. ಓದಲು ಬಂದ ಹುಡುಗ ಹುಡುಗಿಯರು ಒಸಾಕಾದಲ್ಲಿ ಮೊದಲು ನೋಡಬೇಕಾದದ್ದು ಯೊದೊಯಾಬಾಶಿಯಿಂದ ಐದು ನಿಮಿಷ ನಡೆದರೆ ಸಿಗುವ ಒಂದು ಹಳೆಯ ಮರದ ಮನೆ, ತೆಕಿಜುಕು. ಎತ್ತರದ ಆಫೀಸು ಕಟ್ಟಡಗಳ ನಡುವೆ ಕಪ್ಪು ಹೆಂಚಿನ ತಗ್ಗು ಮಾಡು. ಯಾವ ಪಟ್ಟಿಯಲ್ಲೂ ಇದರ ಹೆಸರು ಕಾಣುವುದಿಲ್ಲ.

ಒಗಾತಾ ಕೋಆನ್ ಎಂಬ ವೈದ್ಯರು 1838ರಲ್ಲಿ ಒಸಾಕಾದಲ್ಲಿ ಶುರುಮಾಡಿದ ಶಾಲೆ ಇದು. ಹೊರದೇಶಗಳಿಗೆ ಜಪಾನ್ ಬಹುತೇಕ ಬಾಗಿಲು ಹಾಕಿಕೊಂಡಿದ್ದ ಕಾಲ. ನಾಗಾಸಾಕಿಯ ಡಚ್ ವ್ಯಾಪಾರಿಗಳ ಮೂಲಕ ಬರುವ ಪುಸ್ತಕಗಳೇ ಯುರೋಪಿನ ವೈದ್ಯ ಮತ್ತು ವಿಜ್ಞಾನಕ್ಕೆ ಕಿಂಡಿ. ದೇಶದ ನಾನಾ ಮೂಲೆಗಳಿಂದ ಹುಡುಗರು ಡಚ್ ಕಲಿಯಲು ಇಲ್ಲಿಗೆ ಬಂದರು. ಹೆಸರು ಬರೆಸಿದವರ ದಾಖಲೆಯಲ್ಲೇ ಆರುನೂರಕ್ಕೂ ಹೆಚ್ಚು ಮಂದಿ ಇದ್ದಾರೆ. ಕೋಆನ್ 1849ರಲ್ಲಿ ಇದೇ ಊರಿನಲ್ಲಿ ಸಿಡುಬಿನ ಲಸಿಕೆ ಹಾಕುವ ಕೇಂದ್ರವನ್ನೂ ತೆರೆದರು.

ಬೂಟು ಬಿಚ್ಚಿಟ್ಟು ಒಳಗೆ ಹೋದರೆ ಕೆಳಗೆ ಕೋಆನ್ ಕುಟುಂಬದ ಕೋಣೆಗಳು, ನಡುವೆ ಸಣ್ಣ ಅಂಗಳ. ಮೇಲಕ್ಕೆ ಹೋಗುವ ಮೆಟ್ಟಿಲು ಏಣಿಯಷ್ಟೇ ಕಡಿದು, ಕೈಹಿಡಿ ಬಿಡದೆ ಹತ್ತಬೇಕು. ಮೇಲೆ ವಿದ್ಯಾರ್ಥಿಗಳ ದೊಡ್ಡ ಕೋಣೆ. ಒಬ್ಬೊಬ್ಬರಿಗೆ ಒಂದು ತತಾಮಿ ಚಾಪೆ; ಪೆಟ್ಟಿಗೆ, ಪುಸ್ತಕ, ಹಾಸಿಗೆ ಎಲ್ಲ ಅದರ ಮೇಲೆಯೇ. ಯಾರಿಗೆ ಯಾವ ಚಾಪೆ ಅನ್ನುವುದು ಅಂಕದ ಮೇಲೆ. ತಿಂಗಳಿಗೆ ಕೆಲವು ಸಲ ಡಚ್ ಪುಸ್ತಕದ ಪಾಠವನ್ನು ಸರದಿಯಂತೆ ಬಿಡಿಸಿ ಹೇಳುವ ಪಂದ್ಯ ನಡೆಯುತ್ತಿತ್ತು, ಗೆದ್ದವರಿಗೆ ಒಳ್ಳೆಯ ಜಾಗ ಆರಿಸುವ ಹಕ್ಕು. ಸೋತವರಿಗೆ ಓಡಾಡುವ ದಾರಿಯ ಪಕ್ಕ, ರಾತ್ರಿ ಎದ್ದವರು ತುಳಿದುಕೊಂಡು ಹೋಗುವ ಜಾಗ. ಕೋಣೆಯ ನಡುವಿನ ಕಂಬದ ತುಂಬ ಕತ್ತಿಯ ಗಾಯಗಳಿವೆ, ಅಲ್ಲಿದ್ದ ಹುಡುಗರು ಮಾಡಿದವು. ಆ ಕಂಬದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಪಕ್ಕದಲ್ಲಿ ಸಣ್ಣದೊಂದು ಕೋಣೆ ಇದೆ. ಡಚ್–ಜಪಾನೀ ನಿಘಂಟು ಇಟ್ಟಿದ್ದ ಕೋಣೆ. ಕೈಬರಹದಲ್ಲಿ ನಕಲು ಮಾಡಿದ ದಪ್ಪ ಸಂಪುಟಗಳು, ಇಡೀ ಶಾಲೆಗೆ ಇದ್ದದ್ದು ಒಂದೇ ಪ್ರತಿ. ಅದನ್ನು ಕೋಣೆಯಿಂದ ಹೊರಗೆ ಒಯ್ಯುವಂತಿರಲಿಲ್ಲ. ಪಂದ್ಯದ ಹಿಂದಿನ ದಿನ ಆ ಕೋಣೆಯ ದೀಪ ಬೆಳಗಿನವರೆಗೂ ಆರುತ್ತಿರಲಿಲ್ಲವಂತೆ. ಇಲ್ಲಿ ಓದಿ ಶಾಲೆಯ ಹಿರಿಯ ವಿದ್ಯಾರ್ಥಿಯಾಗಿದ್ದವರು ಫುಕುಜಾವಾ ಯುಕಿಚಿ, 2024ರಲ್ಲಿ ಹೊಸ ನೋಟು ಬರುವವರೆಗೆ 10,000 ಯೆನ್ ನೋಟಿನಲ್ಲಿದ್ದ ಮುಖ. ಓದುವ ದಿನಗಳಲ್ಲಿ ಒಮ್ಮೆ ಕಾಯಿಲೆ ಬಿದ್ದು ದಿಂಬು ಹುಡುಕಿದಾಗ, ತಾನು ದಿಂಬು ಇಟ್ಟು ಮಲಗಿಯೇ ಬಹಳ ಕಾಲವಾಗಿದೆ, ಓದುತ್ತ ಮೇಜಿನ ಮೇಲೆಯೇ ನಿದ್ದೆಹೋಗುತ್ತಿದ್ದೆ ಎಂದು ಅವರು ನೆನಪಿಸಿಕೊಂಡಿದ್ದಾರೆ. ಪರದೇಶದ ಭಾಷೆಯನ್ನು ಒಂದೇ ನಿಘಂಟಿನ ಸುತ್ತ ಕೂತು ಕಲಿತ ಹುಡುಗರ ಕೋಣೆ ಇದು. ಕಾಂಜಿ ಅಕ್ಷರ ತಿದ್ದುತ್ತ ಹೈರಾಣಾದವರಿಗೆ ಇಲ್ಲಿ ಸಿಗುವಷ್ಟು ಸಂಗಾತ ಒಸಾಕಾದ ಬೇರೆ ಎಲ್ಲೂ ಸಿಗದು ಅಂತ ನನಗೆ ಅನಿಸುತ್ತದೆ.

ಮನೆಯನ್ನು ಈಗ ಒಸಾಕಾ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಸೋಮವಾರ ರಜೆ. ಟಿಕೆಟ್ ಅಗ್ಗ, ವಿದ್ಯಾರ್ಥಿ ಚೀಟಿಗೆ ಇನ್ನೂ ಅಗ್ಗ. ಇಲ್ಲಿಗೆ ಒಂದು ಗಂಟೆ ಇಡಿ. ಹತ್ತಿರದಲ್ಲೇ ನದಿಯ ನಡುವಿನ ನಾಕಾನೊಶಿಮಾ ದ್ವೀಪ. ಅಲ್ಲಿಯ ಕೆಂಪು ಇಟ್ಟಿಗೆಯ ಸಾರ್ವಜನಿಕ ಭವನ 1918ರದು. ಇವಾಮೊತೊ ಎಯ್‌ನೊಸುಕೆ ಎಂಬ ಷೇರು ವ್ಯಾಪಾರಿ ಹತ್ತು ಲಕ್ಷ ಯೆನ್ ಕೊಟ್ಟು ಕಟ್ಟಿಸಿದ್ದು. ಮಾರುಕಟ್ಟೆಯಲ್ಲಿ ಎಲ್ಲ ಕಳೆದುಕೊಂಡು, ಭವನ ಏಳುವ ಮೊದಲೇ 1916ರಲ್ಲಿ ಅವರು ಪ್ರಾಣ ಬಿಟ್ಟರು. ಮೇ ನಡುವೆ ಮತ್ತು ಅಕ್ಟೋಬರಿನಲ್ಲಿ ಪಕ್ಕದ ಗುಲಾಬಿ ತೋಟ ಅರಳಿರುತ್ತದೆ.

ಮಿದೊಸುಜಿಯ ಮೂರು ಕಿಲೋಮೀಟರ್

ಯೊದೊಯಾಬಾಶಿಯಿಂದ ನಂಬಾವರೆಗೆ ಮಿದೊಸುಜಿ ರಸ್ತೆ ಸರಳ ರೇಖೆಯಲ್ಲಿ ದಕ್ಷಿಣಕ್ಕೆ ಹೋಗುತ್ತದೆ. ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಸಿಗ್ನಲ್ ಸೇರಿ ಮುಕ್ಕಾಲು ಗಂಟೆ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಇಕ್ಕೆಲದಲ್ಲಿ ಗಿಂಕೊ ಮರಗಳು, ನವೆಂಬರ್ ಕೊನೆಗೆ ಪೂರ್ತಿ ಹಳದಿ. ಅದಕ್ಕೆ ಮೊದಲು ಹಣ್ಣು ಉದುರುವ ದಿನಗಳಲ್ಲಿ ಅವುಗಳ ಮೇಲೆ ಕಾಲಿಡಬೇಡಿ, ಆ ವಾಸನೆ ಬೂಟಿನಿಂದ ಬೇಗ ಹೋಗುವುದಿಲ್ಲ.

ಒಂದು ಕಾಲಕ್ಕೆ ಇದು ಆರು ಮೀಟರಿನ ಗಲ್ಲಿ. ಮೇಯರ್ ಸೆಕಿ ಹಾಜಿಮೆ ಅದನ್ನು 44 ಮೀಟರಿಗೆ ಅಗಲ ಮಾಡಲು ಹೊರಟಾಗ ಊರೇ ಹೌಹಾರಿತು. 1926ರಲ್ಲಿ ಶುರುವಾದ ಕೆಲಸ 1937ರಲ್ಲಿ ಮುಗಿಯಿತು. ಮೇಲೆ ರಸ್ತೆ ಅಗಲ ಮಾಡುತ್ತಲೇ ಅದರಡಿಯಲ್ಲಿ ಮೆಟ್ರೋ ಅಗೆದರು. ಮೊದಲ ತುಂಡು 1933ರಲ್ಲಿ ತೆರೆಯಿತು. ರಸ್ತೆಯಿಂದ ಲಾಭವಾಗುವ ಜಮೀನುದಾರರಿಂದ ವೆಚ್ಚದ ಪಾಲು ವಸೂಲಿ ಮಾಡಿದರು. ಓಡುತ್ತಿದ್ದದ್ದು ಒಂದೇ ಬೋಗಿಯ ರೈಲಾದರೂ ಪ್ಲಾಟ್‌ಫಾರ್ಮ್ ಕಟ್ಟಿದ್ದು ಹತ್ತಕ್ಕೂ ಹೆಚ್ಚು ಬೋಗಿಗೆ ಸಾಲುವಷ್ಟು ಉದ್ದ. ಆ ಉದ್ದ ಇವತ್ತು ಹತ್ತು ಬೋಗಿಯ ರೈಲಿಗೆ ಕೆಲಸಕ್ಕೆ ಬರುತ್ತಿದೆ. ಬೆಂಗಳೂರಿನಲ್ಲಿ ಮೊದಲು ರಸ್ತೆ, ಆಮೇಲೆ ಮೇಲ್ಸೇತುವೆ, ಆಮೇಲೆ ಅದನ್ನು ತಪ್ಪಿಸಿಕೊಂಡು ಮೆಟ್ರೋ ಕಂಬ ನೋಡಿ ಬೆಳೆದವರಿಗೆ ಈ ರಸ್ತೆಯ ಮೇಲೆ ನಡೆಯುವಾಗ ಹೊಟ್ಟೆಯೊಳಗೆ ಏನೋ ಕಲಕುತ್ತದೆ. ಶಿನ್‌ಸಾಯ್‌ಬಾಶಿಯಲ್ಲಿ ಒಮ್ಮೆ ಕೆಳಗಿಳಿದು ಪ್ಲಾಟ್‌ಫಾರ್ಮಿನ ಕಮಾನು ಚಾವಣಿ ನೋಡಬೇಕು ಅನಿಸಿದರೆ ಸಂಜೆ ವಾಪಸು ಹೋಗುವಾಗ ಅಲ್ಲಿಂದಲೇ ರೈಲು ಹತ್ತಿ.

ಹೊನ್‌ಮಾಚಿಯಲ್ಲಿ ಮೇಲ್ಸೇತುವೆಯೊಂದು ಅಡ್ಡ ಬರುತ್ತದೆ. ಅದರಡಿಯ ಸೆಂಬಾ ಸೆಂಟರ್ ಬಿಲ್ಡಿಂಗ್ 1970ರದು, ಹತ್ತು ಕಟ್ಟಡಗಳ ಸಾಲು, ಸುಮಾರು ಒಂದು ಕಿಲೋಮೀಟರ್ ಉದ್ದ, ಬಹುಪಾಲು ಬಟ್ಟೆ ಅಂಗಡಿಗಳು. ಸೆಂಬಾ ಬಟ್ಟೆ ವ್ಯಾಪಾರಿಗಳ ಹಳೆಯ ಕೇರಿ. ಒಸಾಕಾದ ಗಿರಣಿಗಳಿಗೂ ನಮಗೂ ಗಟ್ಟಿ ನಂಟಿದೆ. 1883ರಲ್ಲಿ ಇಲ್ಲಿ ದೊಡ್ಡ ನೂಲಿನ ಗಿರಣಿ ಓಡಲು ಶುರುವಾಯಿತು, ಹತ್ತು ವರ್ಷಕ್ಕೆ ಭಾರತದ ಹತ್ತಿ ತರಲೆಂದೇ ಬಾಂಬೆಗೆ ಜಪಾನೀ ಹಡಗು ಮಾರ್ಗ ತೆರೆಯಿತು, ಜೆ. ಎನ್. ಟಾಟಾ ಅದರಲ್ಲಿ ಕೈಜೋಡಿಸಿದ್ದರು. ಆ ಗಿರಣಿಯ ಹಿಂದಿದ್ದ ಶಿಬುಸಾವಾ ಎಯ್‌ಇಚಿ ಈಗಿನ 10,000 ಯೆನ್ ನೋಟಿನಲ್ಲಿದ್ದಾರೆ. ಹಳೆಯ ನೋಟು, ಹೊಸ ನೋಟು ಎರಡರ ಮುಖಗಳೂ ಈ ನಡಿಗೆಯಲ್ಲೇ ಸಿಕ್ಕವು. ಭಾನುವಾರ ಇಲ್ಲಿಯ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಕಚೇರಿ ಕೇರಿಯ ಊಟದ ಜಾಗಗಳೂ ಅಷ್ಟೇ. ಶನಿವಾರ ಅಂದದ್ದು ಅದಕ್ಕೇ.

ಊಟದ ಪ್ರಶ್ನೆ ಬಂತು. ಮೀನು ಮಾಂಸ ತಿನ್ನುವವರಿಗೆ ಒಸಾಕಾ ಸ್ವರ್ಗ, ನೆಲಮಾಳಿಗೆಯ ಸಣ್ಣ ಹೋಟೆಲಿನಲ್ಲಿ ಸಾವಿರ ಯೆನ್ನಿಗೆ ಹೊಟ್ಟೆ ತುಂಬುತ್ತದೆ. ಶುದ್ಧ ಸಸ್ಯಾಹಾರಿಗಳಿಗೆ ತೊಂದರೆ ಕಣ್ಣಿಗೆ ಕಾಣದ ಕಡೆ ಇದೆ, ದಾಶಿಯಲ್ಲಿ. ಒಣಗಿಸಿದ ಕಾತ್ಸುಒ ಮೀನಿನ ಈ ಕಷಾಯ ಉಡೊನ್ ನೂಡಲ್‌ನ ಸಾರಿನಲ್ಲಿದೆ, ದೋಸೆಯಂಥ ಒಕೊನೊಮಿಯಾಕಿಯ ಹಿಟ್ಟಿನಲ್ಲಿದೆ, ಇನಾರಿಯ ಸಿಹಿ ತೋಫು ಚೀಲದಲ್ಲೂ ಇರುತ್ತದೆ. ತರಕಾರಿ ಕುಶಿಕಾತ್ಸು ಅಂತ ತಾವರೆ ಬೇರು, ಈರುಳ್ಳಿ ಕಡ್ಡಿ ಆರಿಸಿಕೊಂಡರೂ ಕರಿಯುವ ಎಣ್ಣೆ ಅದೇ, ಹಲವೆಡೆ ದನದ ಕೊಬ್ಬು. ಒನಿಗಿರಿ ಎಂಬ ಅನ್ನದ ಉಂಡೆಯಲ್ಲಿ ಉಮೆ ಹಣ್ಣಿನದು, ಕೊಂಬು ಪಾಚಿಯದು ಸಸ್ಯಾಹಾರ ಅಂತ ನಂಬುತ್ತಾರೆ, ಅವಕ್ಕೂ ಮೀನಿನ ಸಾರ ಸೇರಿರುವುದುಂಟು. ಬರಿ ಉಪ್ಪು ಹಾಕಿದ ಅನ್ನದ ಉಂಡೆ ಹೆಚ್ಚು ಸುರಕ್ಷಿತ. ಪೊಟ್ಟಣದ ಮೇಲಿನ ಅಲರ್ಜಿ ಪಟ್ಟಿಯನ್ನು ನೆಚ್ಚಬೇಡಿ. ಕಡ್ಡಾಯವಾಗಿ ಬರೆಯಬೇಕಾದದ್ದು ಮೊಟ್ಟೆ, ಹಾಲು, ಗೋಧಿ, ಸೋಬಾ (ಬಕ್‌ವೀಟ್), ಶೇಂಗಾ, ಸಿಗಡಿ, ಏಡಿ, ಅಕ್ರೋಟಿನಂಥ ಕೆಲವೇ ಪದಾರ್ಥ. ಕಾತ್ಸುಒ ಮೀನು ಅದರಲ್ಲಿಲ್ಲ. ಪದಾರ್ಥಗಳ ಪೂರ್ತಿ ಸಾಲನ್ನು ಫೋನಿನ ಅನುವಾದದಲ್ಲಿ ಓದಬೇಕು. ಬಾಯಲ್ಲಿ ಕೇಳುವುದಾದರೆ ‘ಸಸ್ಯಾಹಾರಿ’ ಅಂತ ಹೇಳಿ ಬಿಡಬೇಡಿ, ಮಾಂಸದ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ. ‘ನಿಕು ಮೊ ಸಕಾನಾ ಮೊ ತಾಬೆಮಾಸೆನ್, ದಾಶಿ ಮೊ ದಾಮೆ ದೆಸು’ ಅನ್ನಿ: ಮಾಂಸ ಮೀನು ಎರಡೂ ತಿನ್ನುವುದಿಲ್ಲ, ದಾಶಿಯೂ ಆಗದು. ಹಾಗೆ ಕೇಳಿದ ಮೇಲೆ ಆಗುವುದಿಲ್ಲ ಎಂದರೆ ಎದ್ದು ಬರುವುದರಲ್ಲಿ ಅವಮಾನವೇನಿಲ್ಲ. ಭಾರತೀಯ ಹೋಟೆಲುಗಳು ಎಲ್ಲ ಕೇರಿಯಲ್ಲೂ ಇವೆ, ಬಹಳಷ್ಟನ್ನು ನಡೆಸುವವರು ನೇಪಾಳದವರು, ಹಿಂದಿಯಲ್ಲಿ ಮಾತಾಡಬಹುದು. ಮಧ್ಯಾಹ್ನದ ನಾನ್ ಸೆಟ್ ಸಾವಿರದ ಆಸುಪಾಸು. ಅದೂ ಬೇಡವಾದರೆ ಬೆಳಿಗ್ಗೆಯೇ ಚಿತ್ರಾನ್ನ ಕಟ್ಟಿಕೊಂಡು ಬಂದು ನಾಕಾನೊಶಿಮಾದ ನದಿ ದಂಡೆಯಲ್ಲಿ ಕೂತು ತಿನ್ನಿ. ಕಸದ ಬುಟ್ಟಿ ಎಲ್ಲೂ ಸಿಗುವುದಿಲ್ಲ, ಡಬ್ಬಿ ಮುಚ್ಚಲು ಮತ್ತು ಕಸ ತುಂಬಲು ಒಂದು ಚೀಲ ಇಟ್ಟುಕೊಳ್ಳಿ.

ಸಂಜೆ, ಮತ್ತೆ ಮರಳುವ ದಾರಿ

ಶಿನ್‌ಸಾಯ್‌ಬಾಶಿಯಿಂದ ಮುಂದೆ ರಸ್ತೆ ಬಿಟ್ಟು ಪಕ್ಕದ ಮಾಡು ಹೊದಿಸಿದ ಅಂಗಡಿ ಬೀದಿ ಹಿಡಿದರೆ ನೇರ ಎಬಿಸು ಸೇತುವೆ, ಕೆಳಗೆ ದೋತೊನ್‌ಬೊರಿ ಕಾಲುವೆ. ವ್ಯಾಪಾರಿಗಳು ಸ್ವಂತ ಖರ್ಚಿನಲ್ಲಿ ಅಗೆಸಿ 1615ರಲ್ಲಿ ಮುಗಿಸಿದ ಕಾಲುವೆ ಇದು. ಓಡುತ್ತಿರುವ ಮನುಷ್ಯನ ಗ್ಲಿಕೊ ಫಲಕ ಇಲ್ಲಿಗೆ ಮೊದಲು ಬಂದದ್ದು 1935ರಲ್ಲಿ. ಈಗಿನದು 2014ರಲ್ಲಿ ಹಾಕಿದ ಆರನೆಯದು. ಬೆಳಕಿನಲ್ಲಿ ನೋಡಬೇಕಾದದ್ದು ಕತ್ತಲಾದ ಮೇಲೆ, ಹಾಗಾಗಿ ಹೊತ್ತು ಮುಳುಗುವ ಸಮಯ ನೋಡಿ ದಿನ ಹೊಂದಿಸಿ. ಡಿಸೆಂಬರ್ ಮೊದಲಲ್ಲಿ ಒಸಾಕಾದಲ್ಲಿ ಐದಕ್ಕೆ ಮುಂಚೆಯೇ ಸೂರ್ಯಾಸ್ತ, ಜೂನ್ ಕೊನೆಗೆ ಏಳೂಕಾಲು. ಸೇತುವೆಯ ಮೇಲಿನ ನೂಕುನುಗ್ಗಲಿಗಿಂತ ನೀರಿನ ಪಕ್ಕದ ಕಾಲುದಾರಿಗೆ ಇಳಿದರೆ ಒಳ್ಳೆಯದು. ದಕ್ಷಿಣದ ಒಂದು ಗಲ್ಲಿ ಒಳಗೆ ಹೋಜೆನ್‌ಜಿ ದೇವಾಲಯವಿದೆ, ಭಕ್ತರು ನೀರು ಎರಚಿ ಎರಚಿ ಮೈತುಂಬ ಪಾಚಿ ಬೆಳೆದ ಫುದೊ ದೇವರು. ಸ್ವಲ್ಪವೇ ಆಚೆ ಅಷ್ಟು ಗದ್ದಲ ಇರುವಾಗ ಇಲ್ಲಿ ಜನ ಸುಮ್ಮನೆ ಸಾಲಿನಲ್ಲಿ ನಿಂತು ಒಂದೊಂದು ಲೋಟ ನೀರು ಎರೆಯುತ್ತಾರೆ.

ವಾಪಸಿಗೆ ನಂಬಾದಿಂದ ಕೆಂಪು ಮಾರ್ಗದಲ್ಲಿ ಯೊದೊಯಾಬಾಶಿಗೆ 190 ಯೆನ್, ಉಮೆದಾಕ್ಕೆ 240. ನಂಬಾದಲ್ಲೂ ಜೆಆರ್, ನಾನ್‌ಕಾಯ್, ಕಿನ್‌ತೆತ್ಸು ಎಲ್ಲ ಒಂದರ ಪಕ್ಕ ಒಂದಿವೆ. ಕೆಂಪು ವೃತ್ತ ಬಿಟ್ಟು ಬೇರೇನೂ ನೋಡಬೇಡಿ. ಜೆಆರ್‌ನಲ್ಲಿ ಮರಳಬೇಕೆಂದು ಒಸಾಕಾ ಲೂಪ್ ಮಾರ್ಗ ಹಿಡಿಯುವವರು ಗಮನಿಸಬೇಕು, ಆ ಪ್ಲಾಟ್‌ಫಾರ್ಮಿಗೆ ಬರುವ ಗಾಡಿಗಳೆಲ್ಲ ಸುತ್ತು ಹಾಕುವುದಿಲ್ಲ. ಕೆಲವು ನಾರಾಕ್ಕೆ, ಕೆಲವು ವಿಮಾನ ನಿಲ್ದಾಣಕ್ಕೆ ಮತ್ತು ವಕಾಯಾಮಾಕ್ಕೆ ಹೊರಟುಬಿಡುತ್ತವೆ. ಈ ಕೊನೆಯ ಗಾಡಿ ಹಿನೆನೊದಲ್ಲಿ ಎರಡಾಗಿ ಒಡೆಯುವಂಥದ್ದು, ಕೂತ ಬೋಗಿಯ ಮೇಲೆ ತಲುಪುವ ಊರು.

ಎಲ್ಲ ಕೂಡಿಸಿದರೆ ರೈಲು ಮತ್ತು ಮೆಟ್ರೋ 1,200 ಯೆನ್ ಆಸುಪಾಸು, ತೆಕಿಜುಕು ಟಿಕೆಟ್, ಎರಡು ಊಟ, ಒಂದು ಚಹಾ; ನಾಲ್ಕು ಸಾವಿರದೊಳಗೆ ದಿನ ಮುಗಿಯುತ್ತದೆ. ರಾತ್ರಿ ಉಳಿಯಬೇಕಾಗಿ ಬಂದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಒಸಾಕಾದಿಂದ ಕ್ಯೋಟೋಗೆ ನಡುರಾತ್ರಿಯ ಹತ್ತಿರದವರೆಗೂ ರೈಲು ಇರುತ್ತದೆ ಅನ್ನುವ ಧೈರ್ಯದಲ್ಲಿ ಹತ್ತೂವರೆವರೆಗೆ ದೋತೊನ್‌ಬೊರಿಯಲ್ಲಿ ನಿಲ್ಲುವವರು ಒಂದನ್ನು ಮರೆತಿರುತ್ತಾರೆ: ಕ್ಯೋಟೋದ ಸಿಟಿ ಬಸ್ಸುಗಳು ಅದಕ್ಕೆ ಎಷ್ಟೋ ಮೊದಲು ನಿಂತುಬಿಡುತ್ತವೆ. ಹಲವು ಮಾರ್ಗಗಳಲ್ಲಿ ಹತ್ತು, ಹನ್ನೊಂದರ ನಡುವೆಯೇ ಕೊನೆಯ ಬಸ್ಸು. ಹಾಗಾಗಿ ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ. ಮೊದಲು ಹಾಸ್ಟೆಲ್ ಮುಂದಿನ ನಿಲ್ದಾಣದ ಕೊನೆಯ ಬಸ್ಸು, ಅದಕ್ಕೆ ಸರಿಹೊಂದುವ ರೈಲು, ಆ ರೈಲಿಗೆ ಅರ್ಧ ಗಂಟೆ ಮೊದಲು ನಂಬಾದ ಗೇಟು. ಕೇಹಾನ್‌ನವರು ದೆಮಾಚಿಯಾನಾಗಿಯಲ್ಲಿ ಬೆಳಿಗ್ಗೆ ಸೈಕಲ್ ಇಟ್ಟು ಹೋಗಿದ್ದರೆ ಬಸ್ಸಿನ ಚಿಂತೆಯೇ ಇಲ್ಲ. ಆದರೆ ಹಣ ಕೊಡುವ ಸೈಕಲ್ ನಿಲ್ದಾಣದಲ್ಲೇ ಇಡಿ, ರಸ್ತೆ ಬದಿಯಲ್ಲಿ ನಿಲ್ಲಿಸಿದ್ದನ್ನು ನಗರಪಾಲಿಕೆ ಎತ್ತಿಕೊಂಡು ಹೋಗುತ್ತದೆ, ಬಿಡಿಸಿಕೊಳ್ಳಲು ಮತ್ತೊಂದು ದಿನ ಮತ್ತೊಂದು ದಂಡ. ಯೊದೊಯಾಬಾಶಿ ಕೇಹಾನ್ ರೈಲು ಹೊರಡುವ ಸ್ಟೇಷನ್. ನಿಂತಿರುವ ಗಾಡಿ ತುಂಬಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಸಾಲಿನ ಮೊದಲಲ್ಲಿ ನಿಂತರೆ ಮನೆವರೆಗೂ ಕೂತು ಬರಬಹುದು.